ಬಿಳಿ ಬೇಡ ಎಂದಿದ್ದಾರೆ

"ಮಗು ಯಾವ ಕ್ಲಾಸು ಮೇಡಂ?" ಎಂದ
ಗಾಂಧಿ ಬಜಾರಿನ ಅಂಗಡಿಯ ಹುಡುಗ,
ಕಾರ್ಟೂನ್ ಡಬ್ಬಿಯೊಂದನ್ನು ಆಗಲೇ ಮುಂದೆ ತಳ್ಳುತ್ತ.
ಮಗುವಿಗೆ ಅರವತ್ತೊಂದು, ಎಂದೆ.
ಅವನು ನಗಲಿಲ್ಲ. ಗಲ್ಲಾದಲ್ಲಿದ್ದ ಪಾಂಡುರಂಗ ಶೇಟರು
ಕನ್ನಡಕ ಇಳಿಸಿ ನಕ್ಕರು.

ಚೀಟಿ ಹಾಲಪ್ಪ ಮೇಷ್ಟ್ರದ್ದು.
ದುರ್ಗಿಗುಡಿಯಲ್ಲಿ, ಸೈಕಲ್ ಅಂಗಡಿಯ ಮಾಳಿಗೆ ಮೇಲೆ,
ಭಾನುವಾರ ಹತ್ತರಿಂದ ಹನ್ನೆರಡು,
ಇಗರ್ಜಿಯಲ್ಲಿ ಪೂಜೆ ಮುಗಿಸಿ ಓಡಿದರೆ ಸಿಗುವಷ್ಟು ಹೊತ್ತು.
ಕಾಗದ ದಪ್ಪದ್ದು, ಮುನ್ನೂರು ಜಿಎಸ್ಎಂ.
ಕುಂಚ ಎರಡು: ದುಂಡು ಎಂಟು, ಚಪ್ಪಟೆ ಒಂದಿಂಚು.
ಬಣ್ಣ ಆರೇ ಆರು. ಕೆಳಗೆ ಎರಡು ಗೆರೆ ಎಳೆದು:
ಬಿಳಿ ಬೇಡ. ಕಪ್ಪು ಬೇಡ. ಹಸಿರು ಖಂಡಿತ ಬೇಡ.

"ಹಸಿರು ಬೇಡವೇ?" ಶೇಟರಿಗೆ ನೋವಾಯಿತು.
"ಈ ಊರಲ್ಲಿ ಮೊದಲು ಖಾಲಿಯಾಗೋದೇ ಅದು.
ಆಗುಂಬೆ ಬರೀತಾರೆ, ಜೋಗ ಬರೀತಾರೆ,
ಡಜನ್‌ಗಟ್ಟಲೆ ಒಯ್ತಾರೆ."
ನೀಲಿಗೆ ಹಳದಿ ಬೆರೆಸಿಕೊಳ್ಳಬೇಕಂತೆ, ಎಂದೆ.
ಬೆರೆಸುವುದು.
ಆ ಮಾತು ನನ್ನ ಬಾಯಲ್ಲೇ ಕೊಂಚ ತಡೆಯಿತು.

ಮೂವತ್ತೊಂದು ವರ್ಷ ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ
ಬೆರೆಯದ ಹಾಗೆ ಕಾಯುವುದೇ ಕೆಲಸ.
ನೇರಳೆ ಮುಚ್ಚಳದ ಟ್ಯೂಬು ಕಣಗಳ ಎಣಿಕೆಗೆ,
ಬೂದಿಯದು ಸಕ್ಕರೆಗೆ, ನೀಲಿಯದು ಹೆಪ್ಪುಗಟ್ಟುವ ಹೊತ್ತು ನೋಡಲು.
ಬೇಸಿಗೆ ಬಂತೆಂದರೆ ಸಾಗರದ ಕಡೆಯಿಂದ, ತೀರ್ಥಹಳ್ಳಿ ಕಡೆಯಿಂದ
ಮಂಗನ ಕಾಯಿಲೆಯ ಗುಮಾನಿ ಐಸಿನ ಡಬ್ಬಿಯಲ್ಲಿ ಕೂತು
ಮೈಮೇಲೆ ಹೆಸರು ಅಂಟಿಸಿಕೊಂಡು ಬರುತ್ತಿತ್ತು.
ಒಮ್ಮೆ ಇಬ್ಬರು ಗಿರಿಜಮ್ಮಂದಿರು.
ಕುಂಸಿಯವಳ ಚೀಟಿ ಭದ್ರಾವತಿಯವಳಿಗೆ.
ಸಂಜೆ ಗೊತ್ತಾದಾಗ ಮೂರನೇ ವಾರ್ಡಿಗೆ ಓಡಿದ್ದು,
ಎಡಗಾಲಿನ ಚಪ್ಪಲಿ ಮೆಟ್ಟಿಲಲ್ಲೇ ಉಳಿದದ್ದು
ಯಾರಿಗೂ ಹೇಳಿಲ್ಲ. ಶೇಟರಿಗೂ ಹೇಳಲಿಲ್ಲ.

ಇಲ್ಲಿಯೂ ಟ್ಯೂಬು. ಇವಕ್ಕೂ ಮುಚ್ಚಳ.
ಬೆಳಕಿಗೆ ಹಿಡಿದು ಓದುತ್ತೇನೆ, ಹಳೇ ಚಟ.
ಅಲ್ಟ್ರಾಮರೀನ್ ಸರಿ. ಬರ್ನ್ಟ್ ಸಿಯೆನಾ,
ಹೊಸ ಹೆಂಚು ಮೊದಲ ಸಲ ನೆನೆದ ಬಣ್ಣ, ಅದೂ ಸರಿ.
ಕ್ರಿಮ್ಸನ್ನಿನ ಮುಂದೆ ತಡವಾಯಿತು:
ಇದಲ್ಲಪ್ಪ, ತೀರಾ ಕಪ್ಪು,
ರಾತ್ರಿಯಿಡೀ ಟ್ಯೂಬಿನಲ್ಲೇ ಕೂತದ್ದು.
ಹುಡುಗ ಇನ್ನೊಂದು ಕಂಪನಿಯದು ತಂದ.
ಹಾಂ. ಈಗಷ್ಟೇ ತೆಗೆದದ್ದು.

ಅಳಿಲಿನ ಕೂದಲಿನ ಕುಂಚ ಎಂಟುನೂರ ನಲವತ್ತು,
ನೈಲಾನಿನದು ನೂರ ಹತ್ತು.
ಅಳಿಲು ಏನಾಯಿತು ಎಂದು ಕೇಳಬೇಕೆನಿಸಿ
ನೂರ ಹತ್ತರದ್ದನ್ನೇ ಎತ್ತಿಕೊಂಡೆ.
ಪಿಂಚಣಿಯೂ ಒಂದು ಮಾತು ಹೇಳಿತೆನ್ನಿ.
ಲೋಟದ ನೀರಲ್ಲಿ ಅದ್ದಿ, ಕೊಡವಿ, ತುದಿ ನೋಡಿದೆ:
ಸೂಜಿಯ ಹಾಗೆ ಕೂಡಿಕೊಂಡಿತು. ಸೂಜಿ ನನಗೆ ಗೊತ್ತು.

ಕಾಗದಕ್ಕೆ ಮಾತ್ರ ಜಿಪುಣತನ ಮಾಡಲಿಲ್ಲ.
ಹೆಬ್ಬೆರಳಲ್ಲಿ ಸವರಿದರೆ ಒಗೆದೊಣಗಿದ ದುಪ್ಪಟಿಯ ಒರಟು.
"ಬಿಳಿ ಅಂದರೆ ಇದೇ," ಅಂದಿದ್ದರು ಮೇಷ್ಟ್ರು,
"ಬಳಿಯೋದಲ್ಲ. ಮುಟ್ಟದೆ ಬಿಡೋದು."
ಬಿಡುವುದು ನನಗೆ ಬರುತ್ತದೋ, ಕಾಣೆ.

ಶೇಟರು ತುಂಡೊಂದು ಕೊಟ್ಟರು, ನೋಡಿ ಎಂದು.
ಒಂದು ಹನಿ ನೀಲಿ ಇಟ್ಟೆ. ಚಪ್ಪಟೆ ಕುಂಚವನ್ನು ಓರೆ ಹಿಡಿದು
ಹನಿಗೆ ತಾಗಿಸಿ, ಅಂಚಿಗೆ ಹರಡಲು ಬಿಟ್ಟು, ಒಂದೇ ಎಳೆತ,
ಗಾಜಿನ ಮೇಲೆ ನೆತ್ತರು ಎಳೆದ ಹಾಗೆ,
ದಪ್ಪದಿಂದ ತೆಳುವಿಗೆ, ತೆಳುವಿನಿಂದ
ಗರಿಯ ತುದಿಗೆ, ಆಮೇಲೆ ಏನೂ ಇಲ್ಲದಲ್ಲಿಗೆ.
ಕೈ ನಡುಗಲಿಲ್ಲ. ನಿವೃತ್ತಿಯ ವಿಷಯ
ಅದಕ್ಕೆ ಯಾರೂ ತಿಳಿಸಿರಲಿಲ್ಲ.

ಹಸಿ ಇರುವಾಗಲೇ ಹುಡುಗ
ಕೇಳದೆ ಕೇಳಿಸದೆ ಬದಿಗೆ ಹಳದಿ ಮುಟ್ಟಿಸಿದ.
ಬೆಚ್ಚಿ ಅವನ ಮಣಿಕಟ್ಟು ಹಿಡಿದೆ.
ಬಿಟ್ಟೆ.
ಅಂಗಡಿಯ ಯಾವ ಟ್ಯೂಬಿನಲ್ಲೂ ಇಲ್ಲದ ಹಸಿರೊಂದು
ತನ್ನ ಪಾಡಿಗೆ ಹರಿಯತೊಡಗಿತು.

"ಏನಿದು, ಬೆಟ್ಟವೋ?" ಶೇಟರು ಬಾಗಿದರು.
"ಹೊಳೆ," ಎಂದ ಹುಡುಗ.
ಇರಿ, ಒಣಗಲಿ, ಎಂದೆ.
ಒಣಗದೆ ನಾನು ಏನೂ ಹೇಳುವುದಿಲ್ಲ.

ಅಷ್ಟರಲ್ಲಿ ಬಿಲ್ಲು. ಹೆಸರು ಕೇಳಿದರು.
ಜಸಿಂತಾ ಡಿಸಿಲ್ವ, ಎಂದೆ, ನಿಧಾನಕ್ಕೆ.
ಬರೆದು ಕೊಟ್ಟದ್ದನ್ನು
ಎರಡು ಸಲ ಓದಿ ನೋಡಿದೆ.